ಕೇಳಿ ತಂದ ತೊಟ್ಟಿಲು

ನವೆಂಬರ್ 3, ಭಾನುವಾರ

ಕೂಡ್ಲಿಗಿ. ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯ ಹಳೇ ಸಾಮಾನಿನ ಅಂಗಡಿ. ಮಧ್ಯಾಹ್ನವೆಲ್ಲ ಅಲ್ಲೇ ಕಳೆಯಿತು. ಹಿತ್ತಾಳೆ ಕೊಡ, ಮುಚ್ಚಳ ಕಳೆದುಕೊಂಡ ಕುಕ್ಕರ್, ಯಾವುದೋ ಬ್ಯಾಂಕಿನಿಂದ ಬಂದ ಕುರ್ಚಿಗಳು. ಒಂದರ ಬೆನ್ನಿಗೆ ‘ಕ್ಯಾಷಿಯರ್’ ಎಂದು ಬರೆದದ್ದು ಇನ್ನೂ ಹಾಗೇ ಇದೆ. ಕೂತು ನೋಡಿದೆ. ಯಾರೂ ಸಾಲು ನಿಲ್ಲಲಿಲ್ಲ.

ತಂದದ್ದು ಒಂದೇ. ರಟ್ಟು ಹೋದ ಕವನ ಸಂಕಲನ. ಒಳಪುಟದಲ್ಲಿ ಶಾಲೆಯ ಸೀಲು, ಕೆಳಗೆ ‘ನಿಧಾನ ಸೈಕಲ್ ಸ್ಪರ್ಧೆ, ದ್ವಿತೀಯ ಬಹುಮಾನ’. ನಿಧಾನವಾಗಿ ಸೈಕಲ್ ಹೊಡೆದವನಿಗೆ ಕವಿತೆ ಕೊಟ್ಟವರು ತಿಳಿದವರೇ ಇರಬೇಕು.

ಮನೆಗೆ ಬರುವಷ್ಟರಲ್ಲಿ ಇವರು ಮೋಟಾರ್ ರಿಪೇರಿ ಅಂಗಡಿ ಮುಚ್ಚಿ ಬಂದು ಮಿರ್ಚಿ ಮಂಡಕ್ಕಿ ಮುಂದಿಟ್ಟುಕೊಂಡು ಕೂತಿದ್ದರು.

“ಇವತ್ತೇನು ತಂದಿ? ನನ್ನ ರೇಟ್ ಕೇಳ್ಕೊಂಡು ಬಂದಿಲ್ಲಲ್ಲ?”

“ಕೇಳಿದ್ನಿ. ಹಳೇ ಮಾಡೆಲ್, ಪಾರ್ಟ್ಸ್ ಸಿಗಂಗಿಲ್ಲ, ಬ್ಯಾಡ ಅಂದ್ರು.”

ವಾಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಂಗಿ ಹೀಗೆ ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತೋ. ಬಾಣಂತನಕ್ಕೆ ಬಂದು ವಾರವಾಯಿತು. ಅಪ್ಪ ಅವ್ವ ಇಲ್ಲದ ಮೇಲೆ ಅವಳ ತವರೆಂದರೆ ಕೊಟ್ಟೂರಿನ ಈ ಮನೆಯೇ. ನಮ್ಮಿಬ್ಬರಿಗೆ ಮಕ್ಕಳಿಲ್ಲ, ಅವಳನ್ನೇ ಹಾಗೆ ಬೆಳೆಸಿದ್ದು. ಈಗ ಏಳು ತುಂಬಿದೆ. ಇದಕ್ಕೆ ಮೊದಲಿನ ಎರಡೂ ಏಳರವರೆಗೆ ಬರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಮುಂದೆ ಬರುವ ಮಗುವಿನ ಮಾತನ್ನೂ ಎತ್ತುವುದಿಲ್ಲ. ‘ಡಾಕ್ಟರು ಕೊಟ್ಟ ತಾರೀಖು’ ಎನ್ನುತ್ತೇವೆ, ಅಷ್ಟೇ.

ನವೆಂಬರ್ 6

ಹರಪನಹಳ್ಳಿಯಿಂದ ಅನ್ನದಾನಮ್ಮನವರ ಫೋನು. ವಾಣಿಯ ಅತ್ತೆ. ಎತ್ತಿದ ತಕ್ಷಣ ವಿಷಯ—

“ತೊಟ್ಟಿಲು ತವರಿನೋರದ್ದು. ಗೊತ್ತೈತಲ್ಲ ಟೀಚರಮ್ಮ?”

ಗೊತ್ತು ಎಂದೆ.

“ಹೊಸದು ಬ್ಯಾಡ. ಮಕ್ಕಳು ಮಲಗಿ ಎದ್ದಿರೋ ತೊಟ್ಟಿಲು ಬೇಕು. ನನ್ನ ಮಗ ಮೊಬೈಲಾಗೆ ಅದೇನೋ ತೋರಿಸ್ದ. ಬಟನ್ ಒತ್ತಿದ್ರೆ ತಾನೇ ತೂಗುತ್ತಂತೆ. ನಾನಂದೆ, ಹಂಗಾರೆ ಹಾಲೂ ಅದೇ ಕುಡಿಸ್ಲಿ ಬಿಡು.”

ಅಪ್ಪ ಅವ್ವನ ಮನೆಯ ತೊಟ್ಟಿಲು ಗೆದ್ದಲು ತಿಂದು ಕಾಲವಾಯಿತು. ಈ ಕಡೆ ತೊಟ್ಟಿಲನ್ನು ಕೇಳಿ ತರುತ್ತಾರೆ. ಮಗು ಎದ್ದು ಓಡಾಡಿದ ಮೇಲೆ ಅದರಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಇಟ್ಟು ವಾಪಸ್ಸು ಕಳಿಸುತ್ತಾರೆ. ಖಾಲಿ ಕಳಿಸುವ ಹಾಗಿಲ್ಲ. ಗೊತ್ತಿದ್ದವರಲ್ಲಿ ವಿಚಾರಿಸಿದೆ. ಇರುವ ಎರಡರಲ್ಲೂ ಈಗ ಮಕ್ಕಳಿವೆ.

ಚಿಂತೆಯಾಗಲಿಲ್ಲ. ನನಗೆ ಅಂಗಡಿಗಳು ಗೊತ್ತಲ್ಲ!

ನವೆಂಬರ್ 10, ಭಾನುವಾರ

ಹರಪನಹಳ್ಳಿ. ಕೆಡವಿದ ಮನೆಗಳ ಮರ ಮಾರುವ ಅಂಗಡಿ. ಬಾಗಿಲುಗಳ ಸಾಲು, ಒಂದಕ್ಕೊಂದು ಒರಗಿಕೊಂಡು. ಒಂದಕ್ಕೆ ಮಾವಿನೆಲೆ ಕಟ್ಟಿದ ದಾರ ಇನ್ನೂ ಇದೆ, ಎಲೆ ಇಲ್ಲ. ತಳ್ಳಿಕೊಂಡು ಹೋಗಲು ಆಚೆ ಮನೆಯಿಲ್ಲದ ಬಾಗಿಲು. ಅದರ ಚಿಲಕ ಮಾತ್ರ ಎಷ್ಟು ನುಣುಪು! ಎಷ್ಟೋ ಬೆರಳುಗಳ ಕೆಲಸ ಅದು. ಸುಮ್ಮನೆ ಹಾಕಿ ತೆಗೆದೆ.

ತೊಟ್ಟಿಲು ಇದೆಯೇ ಎಂದು ಕೇಳಿದೆ. ಅಂಗಡಿಯವರು ನಕ್ಕರು.

“ತೊಟ್ಟಿಲು ಯಾರು ಮಾರ್ತಾರೆ ಮೇಡಂ? ಬಾಗ್ಲು ಮಾರ್ತಾರೆ, ಕಂಬ ಮಾರ್ತಾರೆ, ದೇವ್ರ ಮಂಟಪನೂ ತಂದು ಹಾಕ್ತಾರೆ. ತೊಟ್ಟಿಲು ಅಂಗಡಿಗೆ ಬಂತು ಅಂದ್ರೆ...”

“ಅಂದ್ರೆ?”

“ಏನಿಲ್ಲ ಬಿಡ್ರಿ. ಟೀ ಕುಡೀರಿ.”

ಕುಡಿದೆ. ರಸ್ತೆಯುದ್ದಕ್ಕೂ ಮೆಕ್ಕೆಜೋಳ ಒಣಹಾಕಿದ್ದರು. ಬಸ್ಸು ಅರ್ಧ ರಸ್ತೆಯಲ್ಲೇ ಬಂತು.

ನವೆಂಬರ್ 17, ಭಾನುವಾರ

ಸಿಕ್ಕಿತು!

ಹಗರಿಬೊಮ್ಮನಹಳ್ಳಿ, ಗಾದಿಲಿಂಗನ ಅಂಗಡಿ. ಮುಂದೆ ಸೋಫಾ, ಗಾಡ್ರೇಜ್ ಬೀರು, ನಿಂತ ಫ್ರಿಜ್ಜು. ಹಿಂದೆ, ತಗಡಿನ ಕೆಳಗೆ, ಸರಪಳಿ ಸಮೇತ ತೂಗುಹಾಕಿದ್ದ. ಸುತ್ತಲೂ ಕಡೆದ ಪುಟ್ಟ ಕಂಬಿಗಳು, ಅವುಗಳ ಮೇಲೆ ಅರಗಿನ ಕೆಂಪು, ಹಸಿರು. ಮಧ್ಯೆ ಮಧ್ಯೆ ಬಣ್ಣ ಹೋಗಿದೆ. ಮಕ್ಕಳ ಹಲ್ಲು ಎಟುಕುವ ಎತ್ತರಕ್ಕೆ ಸರಿಯಾಗಿ.

ನನಗೆ ಗೊತ್ತಿಲ್ಲದೇ ಕೈ ಹೋಯಿತು. ತೊಟ್ಟಿಲು ಅಲ್ಲಾಡಿತು. ಗಾದಿಲಿಂಗ ಓಡಿ ಬಂದು ಹಿಡಿದು ನಿಲ್ಲಿಸಿದ.

“ಬರೇ ತೊಟ್ಲ ತೂಗಬಾರ್ದ್ರಿ ಮೇಡಮ್ಮಾರ. ಓದಿದೋರು ನೀವು.”

ಎಲ್ಲಿಂದ ಬಂತು ಎಂದೆ.

“ಅದನ್ನ ಕೇಳಬ್ಯಾಡ್ರಿ. ಈ ಊರಿನ ಸಾಮಾನು ನಾ ಈ ಊರಾಗ ಮಾರಂಗಿಲ್ಲ. ಕೂಡ್ಲಿಗಿದು ಇಲ್ಲಿ, ಇಲ್ಲಿದು ಹಡಗಲಿಗೆ, ಹಡಗಲಿದು ಮತ್ತ ಈ ಕಡಿ. ನಾಳಿ ಸಂತಿಗೆ ಬಂದೋರು ತಮ್ಮ ಮನಿ ಕೊಡಾನ ನನ್ನ ಅಂಗಡ್ಯಾಗ ನೋಡಿದ್ರ ಮನಸಿಗೆ ಹೆಂಗ ಆಗಬೇಕು? ಸಾಮಾನು ತಗಂತೀನಿ, ಮನಿ ಹೆಸರು ಅಲ್ಲೇ ಬಿಟ್ಟು ಬರ್ತೀನಿ.”

ವ್ಯಾಪಾರದಲ್ಲೂ ಇಷ್ಟು ಮರ್ಯಾದೆ. ಖುಷಿಯಾಯಿತು. ಕೊಂಡೆ. ಗೂಡ್ಸ್ ಆಟೋದಲ್ಲಿ ತೊಟ್ಟಿಲಿನ ಪಕ್ಕದಲ್ಲೇ ಕೂತು ಬಂದೆ, ಸರಪಳಿ ಹಿಡಿದುಕೊಂಡು.

ನವೆಂಬರ್ 18

ದೊಡ್ಡ ತಪ್ಪಾಗಿದೆ.

ನಿನ್ನೆ ಆಟೋ ಬಾಗಿಲಿಗೆ ಬಂದಾಗ ವಾಣಿ ಕಟ್ಟೆಯ ಮೇಲಿದ್ದಳು. ನೋಡಿದಳು. ಎದ್ದು ಒಳಗೆ ಹೋದಳು. ರಾತ್ರಿ ಊಟಕ್ಕೂ ಹಾಲ್‌ಗೆ ಬರಲಿಲ್ಲ.

ಕೂಸಿಗಿಂತ ಮೊದಲು ತೊಟ್ಟಿಲು ಮನೆಗೆ ಬರಬಾರದು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಸಿಕ್ಕ ಖುಷಿಯಲ್ಲಿ ತಲೆಯಿಂದ ಜಾರಿಹೋಯಿತು. ಹಳೇ ಸೀರೆ ಹೊದಿಸಿ ಹಿಂದಿನ ಕೋಣೆಗೆ ಸಾಗಿಸಿದೆವು. ಸೀರೆ ಹೊದಿಸಿದ ಮೇಲೆ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

‘ಖಾಲಿ ತೊಟ್ಟಿಲು’ — ಕವಿತೆಗಳಲ್ಲಿ ಎಷ್ಟು ಸಲ ಓದಿಲ್ಲ. ಕ್ಲಾಸಿನಲ್ಲಿ ಪ್ರತಿಮೆ ಎಂದು ವಿವರಿಸಿದ್ದೇನೆ. ಮನೆಯಲ್ಲಿ ಒಂದಿದ್ದರೆ ಬೇರೆ.

ನವೆಂಬರ್ 20

ಅನ್ನದಾನಮ್ಮನವರಿಗೆ ಹೇಗೋ ತಿಳಿದಿದೆ. ಫೋನಿನಲ್ಲಿ ದನಿ ಏರಿತ್ತು.

“ಮೊದ್ಲೇ ತಂದಿದ್ದು ತಪ್ಪು. ಅದಿರ್ಲಿ. ಯಾರ ಮನೆದು?”

“ಅಂಗಡ್ಯಾಗ ಕೊಂಡಿದ್ದು ಅಮ್ಮಾರ.”

“ಮಕ್ಕಳು ಉಳಿದ ಮನೆಯೋರು ತೊಟ್ಟಿಲು ಮಾರಲ್ಲ ತಾಯಿ” ಎಂದರು. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದರು.

ಫೋನು ಇಟ್ಟು ತಿರುಗಿದರೆ ವಾಣಿ ಅಡುಗೆಮನೆ ಬಾಗಿಲಲ್ಲಿ.

“ನಮ್ಮತ್ತೀಗೆ ಏನಾರ ಹೇಳು ಅಕ್ಕ. ನನಗ ಖರೇ ಹೇಳು. ಅದರಾಗ ಮಲಗಿದ ಕೂಸು ಉಳದಾವೋ, ಇಲ್ಲೋ?”

“ಗೊತ್ತಿಲ್ಲ ವಾಣಿ.”

“ತಿಳ್ಕೊಂಡು ಬಾ. ತಿಳೀದ ನಾ ಅದರಾಗ ಹಾಕಂಗಿಲ್ಲ. ಬ್ಯಾರೇದು ತಂದ್ರೂ ಇನ್ನ ಇದ ಕಣ್ಣಾಗಿರತೈತಿ.”

ನವೆಂಬರ್ 22

ಇವರ ಉಪಾಯ. “ನನ್ನ ಗಿರಾಕಿ ಮನೀದು ಅಂತ ಹೇಳು. ನಾಕು ಗಂಡು, ಒಬ್ಬೊಬ್ಬನೂ ಒಂದೊಂದು ಮೋಟಾರ್ ಎತ್ತತಾನ ಅನ್ನು. ಮುಗೀತಲ್ಲ?”

ಕಷ್ಟವೇನಿಲ್ಲ. ಮನೆ, ಹೊಲ, ನಾಲ್ಕು ಮಕ್ಕಳ ಹೆಸರು, ಎಲ್ಲ ಈಗಲೇ ಕಟ್ಟಬಲ್ಲೆ. ವಾಣಿ ನಂಬಿಯೂ ನಂಬುತ್ತಾಳೆ. ಆಸ್ಪತ್ರೆಯಲ್ಲಿ ಎರಡನೇ ಸಲ ‘ಏನೂ ಆಗಿಲ್ಲ, ಮಲಕ್ಕೋ’ ಎಂದು ಎಲ್ಲರೂ ಹೇಳುತ್ತಿದ್ದಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು...

ಇಲ್ಲ. ಭಾನುವಾರ ಗಾದಿಲಿಂಗನ ಹತ್ತಿರ ಹೋಗುತ್ತೇನೆ.

ನವೆಂಬರ್ 24, ಭಾನುವಾರ

ಗಾದಿಲಿಂಗ ಒಪ್ಪಲಿಲ್ಲ. ಒಂದು ಮನೆಯ ಹೆಸರು ಹೇಳಿದರೆ ನಾಳೆ ಯಾರೂ ಹಿತ್ತಲ ಬಾಗಿಲು ತೆರೆಯುವುದಿಲ್ಲವಂತೆ. ಬೇಕಾದರೆ ತೊಟ್ಟಿಲು ವಾಪಸ್ಸು ತಗೊಳ್ತೀನಿ ಎಂದ. ನಾನು ವಾಣಿಯ ವಿಷಯ ಹೇಳಿದೆ. ಎಲ್ಲ. ಅಂಗಡಿಯ ಮಧ್ಯೆ, ಮಾರಾಟದ ಸೋಫಾದ ಮೇಲೆ ಕೂತು. ಇಷ್ಟು ವರ್ಷ ಯಾರಿಗೂ ಹೇಳದ್ದು.

ಅವನು ಫ್ರಿಜ್ಜಿನ ಬಾಗಿಲನ್ನು ತೆಗೆದು ಹಾಕಿ ಮಾಡುತ್ತಾ ಕೇಳಿಸಿಕೊಂಡ.

“ಒಂದು ಕೆಲಸ ಮಾಡತೀನ್ರಿ. ನಾ ಹೇಳಂಗಿಲ್ಲ. ನಾನ ಆ ಮನಿಗೆ ಹೋಗಿ ಕೇಳತೀನಿ, ಹಿಂಗಿಂಗ ಅದಾರ, ನಿಮ್ಮನ್ನ ನೋಡಬೇಕಂತಾರ ಅಂತ. ಅವರು ಹೂಂ ಅಂದ್ರ ಫೋನ್ ಹಚ್ಚತೀನಿ. ಅನ್ನಲಿಲ್ಲಂದ್ರ ನೀವು ಮತ್ತ ಕೇಳಬ್ಯಾಡ್ರಿ.”

ಡಿಸೆಂಬರ್ 4

ಫೋನಿಲ್ಲ. ವಾಣಿ ಕೇಳುವುದಿಲ್ಲ, ನನ್ನ ಫೋನು ಎಲ್ಲಿದೆ ಎಂದು ಮಾತ್ರ ನೋಡುತ್ತಿರುತ್ತಾಳೆ.

ಸಂಜೆ

ಬಂತು. “ಮೈಲಾರಕ್ಕ ಹೋಗ್ರಿ, ಮಂಜಮ್ಮ ಅಂತ. ಭಾಳ ಸಿಟ್ಟಿಗೆದ್ದಾಳ್ರಿ ಅಜ್ಜಿ. ನನ್ನ ಅಂಗಳಕ್ಕ ಬಿಟ್ಟುಕೊಳ್ಳಲಿಲ್ಲ. ನಿಮ್ಮನ್ನ ಕರ್ಕಂಬಾ ಅಂದಾಳ.”

ಡಿಸೆಂಬರ್ 8, ಭಾನುವಾರ

ಹಡಗಲಿ ದಾಟಿ ಮೈಲಾರ. ಇವರ ಓಮ್ನಿಯಲ್ಲಿ.

ಮಂಜಮ್ಮ ಎತ್ತರದ ಹೆಂಗಸು. ಎಪ್ಪತ್ತು ದಾಟಿರಬಹುದು. ಹೊಸ ಸ್ಲ್ಯಾಬಿನ ಕೆಳಗೆ ಕೂತು ಶೇಂಗಾ ಬಿಡಿಸುತ್ತಿದ್ದರು. ಬರ್ರಿ ಎನ್ನಲಿಲ್ಲ.

“ನನ್ನ ತೊಟ್ಲ ಕೊಂಡಾಕಿ ನೀ ಏನವ್ವ?”

ತಲೆಯಾಡಿಸಿದೆ.

“ನನ್ನ ತೊಟ್ಲ ಕೇಳಿದ್ರ ಹೋಗತೈತಿ, ಉಡಿ ತುಂಬಿಕೊಂಡು ಬರತೈತಿ. ಮಾರಾಟದ್ದಲ್ಲ ಅದು. ನಾ ಮಗಳ ಊರಿಗೆ ಹೋಗಿದ್ನಿ. ಸೊಸಿ ಸ್ಲ್ಯಾಬ್ ಹಾಕಸ್ತೀನಿ ಅಂತ ಮನಿ ಖಾಲಿ ಮಾಡಿ ಇದನ್ನೂ ಹೊರಗ ಹಾಕ್ಯಾಳ. ಪುಣ್ಯಕ್ಕ ನಾ ಇರಲಿಲ್ಲ. ಇದ್ದಿದ್ರ ನನ್ನೂ ತೂಕಕ್ಕ ಹಾಕತಿದ್ಲು.”

ಒಳಗಿನಿಂದ ಸೊಸೆಯ ದನಿ: “ಅತ್ತಿ, ನಿಮ್ಮ ತೂಕಕ್ಕ ಅವನ ತಕ್ಕಡಿ ಸಾಲಂಗಿಲ್ಲ!”

“ನೋಡಿದ್ಯಾ? ಬಾಯಿ ನೋಡಿದ್ಯಾ?” ಮಂಜಮ್ಮ ನಕ್ಕೇಬಿಟ್ಟರು. ಸೊಸೆ ಚಹಾ ತಂದಳು. ಅಲ್ಲಿಂದ ಮಾತು ಹಗುರಾಯಿತು. ಅದರಲ್ಲಿ ಬೆಳೆದವರು ಯಾರ್‍ಯಾರು ಎಂದು ಹೇಳುತ್ತಾ ಹೋದರು. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ಮೊಮ್ಮಕ್ಕಳು, ಓಣಿಯ ಅರ್ಧ ಜನ.

“ಆ ಪಂಚಾಯ್ತಿ ಮೆಂಬರ್ ಮೀಸಿ ತಿರುವಿಕೊಂಡು ಅಡ್ಡಾಡತಾನಲ್ಲ, ಅವನೂ ಇದರಾಗ ಉಚ್ಚಿ ಹೊಯ್ಕಂಡು ಬೆಳದವನ.”

ಇಷ್ಟೇ ಸಾಕು, ಏಳೋಣ ಎಂದುಕೊಂಡೆ. ಆಗ ಅವರೇ ಅಂದರು—

“ಮೊದಲನೇದು ಉಳೀಲಿಲ್ಲ.”

ಶೇಂಗಾ ಬಿಡಿಸುವುದು ನಿಲ್ಲಲಿಲ್ಲ.

“ಹೆಣ್ಣು. ದ್ಯಾಮಕ್ಕ ಅಂತ ಹೆಸರಿಟ್ಟಿದ್ವಿ. ಬೋರಲ ಬಿದ್ದಿತ್ತು, ತಲಿ ಎತ್ತತಿತ್ತು. ಜ್ವರ ಬಂತು, ಕೂಸು ಹೋತು. ನಮ್ಮತ್ತಿ ತೊಟ್ಲ ಸುಡ್ರಿ ಅಂದ್ಲು. ನಾ ಕೊಡಲಿಲ್ಲ. ಜ್ವರ ಬಂದಿದ್ದು ಕೂಸಿಗೆ, ಕಟಿಗಿಗಲ್ಲ. ಅದು ಕೈಕಾಲು ಬಡದಿದ್ದು ಅದರಾಗ, ನಕ್ಕಿದ್ದು ಅದರಾಗ. ಸುಟ್ರ ಅದೂ ಹೋಗತೈತಲ್ಲ?”

ಇವರು ಹೊರಗೆ ಹೋಗಿ ನಿಂತರು.

ಹೊರಡುವಾಗ ಮಂಜಮ್ಮ ತೀರ್ಪು ಕೊಟ್ಟಂತೆ ಹೇಳಿದರು. “ಮೊದ್ಲು ನನ್ನ ತೊಟ್ಲ ನನ್ನ ಮನಿಗೆ ಬರಲಿ. ಆಮ್ಯಾಲೆ ಬೇಕಂದ್ರ ಬಂದು ಕೇಳ್ರಿ. ರೊಕ್ಕದ ಮಾತು ನನ್ನ ಮುಂದ ಆಡಬ್ಯಾಡ್ರಿ.”

ಡಿಸೆಂಬರ್ 9

ಹೇಳಲಿಲ್ಲ. ಅಜ್ಜಿ ಒಳ್ಳೆಯವರು, ತೊಟ್ಟಿಲು ವಾಪಸ್ಸು ಕೊಡಬೇಕಂತೆ ಎಂದಷ್ಟೇ ಅಂದೆ. ಉಳಿದವರ ಪಟ್ಟಿ ಕೊಟ್ಟೆ. ಮೀಸೆಯ ಮೆಂಬರನ್ನೂ ಸೇರಿಸಿ.

ವಾಣಿ ನಗಲಿಲ್ಲ. “ಅಷ್ಟೇನಾ?” ಎಂದಳು.

ಅಷ್ಟೇ ಎಂದೆ.

ಡಿಸೆಂಬರ್ 11

ಇವತ್ತು ಹೇಳಿದೆ. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಎದುರು ಕೂತು, ಕೈಗೆ ಒಂದು ಕಟ್ಟು ತೆಗೆದುಕೊಂಡು, ಮಂಜಮ್ಮ ಹೇಳಿದ ಹಾಗೇ ಹೇಳಿದೆ. ನನ್ನ ಮಾತು ಏನೂ ಸೇರಿಸಲಿಲ್ಲ.

ವಾಣಿ ಒಂದೊಂದೇ ಎಲೆ ಕೀಳುತ್ತಿದ್ದಳು.

“ಹೆಸರಿಟ್ಟಿದ್ರಾ?”

“ಹೂಂ. ದ್ಯಾಮಕ್ಕ.”

“ನಮ್ಮವು ಹೆಸರಿನ ತನಕ ಬರಲೇ ಇಲ್ಲಲ್ಲ ಅಕ್ಕ.”

ನಮ್ಮವು. ಇಷ್ಟು ದಿನದಲ್ಲಿ ಮೊದಲ ಸಲ ಅವಳ ಬಾಯಲ್ಲಿ. ಸೊಪ್ಪು ಕೆಳಗಿಟ್ಟು ಅವಳ ಪಕ್ಕ ಹೋಗಿ ಕೂತೆ. ಅತ್ತಳು. ನಾನೂ. ಇವರು ಊಟಕ್ಕೆಂದು ಬಂದವರು ನೋಡಿ ಸದ್ದಿಲ್ಲದೆ ಅಂಗಡಿಗೆ ವಾಪಸ್ಸು ಹೋದರು. ಪಾಪ, ಹಸಿದುಕೊಂಡೇ.

ಮುಖ ತೊಳೆದು ಬಂದು ವಾಣಿ ಅಂದಳು: “ಎಲ್ಲಾ ಚಲೋ ಐತಿ ಅಂದಿದ್ರ ನಾ ನಂಬತಿರಲಿಲ್ಲ. ಆ ಅಜ್ಜಿ ಸುಡಾಕ ಕೊಡಲಿಲ್ಲಲ್ಲ... ಅದ ಬೇಕು. ಅದನ್ನ ಕೇಳ್ರಿ. ನಮ್ಮತ್ತೀಗೆ ನಾನ ಹೇಳತೀನಿ.”

ಹೇಳಿದಳು. ಕೋಣೆಯ ಬಾಗಿಲು ಹಾಕಿಕೊಂಡು. ಅನ್ನದಾನಮ್ಮ ಏನೆಂದರೋ ಗೊತ್ತಿಲ್ಲ.

ಡಿಸೆಂಬರ್ 15, ಭಾನುವಾರ

ಓಮ್ನಿಯ ಮೇಲೆ ತೊಟ್ಟಿಲು ಕಟ್ಟಿಕೊಂಡು ಹೊರಟೆವು. ಹರಪನಹಳ್ಳಿಯಲ್ಲಿ ಅನ್ನದಾನಮ್ಮ ಹತ್ತಿದರು, ರೇಷ್ಮೆ ಸೀರೆ ಉಟ್ಟು. ತಾವೂ ಬರುತ್ತೇನೆಂದು ನಿನ್ನೆ ಹೇಳಿದ್ದರು. ದಾರಿಯುದ್ದಕ್ಕೂ ಮಾತಿಲ್ಲ. ಹಂಪ್ ಬಂದಾಗ ಮಾತ್ರ “ನಿಧಾನಪ್ಪಾ” ಎನ್ನುತ್ತಿದ್ದರು, ಮೇಲೆ ಮಗು ಮಲಗಿದೆಯೇನೋ ಎಂಬಂತೆ.

ತೊಟ್ಟಿಲು ಇಳಿಸಿ ಮಂಜಮ್ಮನ ಪಡಸಾಲೆಯಲ್ಲಿಟ್ಟೆವು. ಮಂಜಮ್ಮ ಅದನ್ನು ಒರೆಸಿ, ಅರಿಷಿಣ ಕುಂಕುಮ ಹಚ್ಚಿ, ಒಳಗೊಂದು ತೆಂಗಿನಕಾಯಿ ಇಟ್ಟು, ಮೂಲೆಗೆ ಹೋಗಿ ಕೂತರು. ನಾವು ನಿಂತೇ ಇದ್ದೆವು.

“ಏನು ಬಂದ್ರಿ?” ಎಂದರು, ಈಗಷ್ಟೇ ನೋಡಿದವರಂತೆ.

ನಾನು ಬಾಯಿ ತೆರೆದೆ. ಅನ್ನದಾನಮ್ಮ ನನ್ನ ಕೈ ಒತ್ತಿ ತಾವು ಮುಂದಾದರು. ಸೆರಗು ಒಡ್ಡಿದರು.

“ನಿಮ್ಮ ತೊಟ್ಟಿಲು ಕೊಡ್ರಿ ತಾಯಿ. ನಮ್ಮ ಮನೆಗೆ ಕೂಸು ಬರ್ತೈತೆ.”

ಕೂಸು ಬರುತ್ತದೆ. ಇಷ್ಟು ತಿಂಗಳು ನಮ್ಮಲ್ಲಿ ಒಬ್ಬರೂ ಆಡದ ಮಾತು. ಆಡದೆ ತೊಟ್ಟಿಲು ಕೇಳುವುದಾದರೂ ಹೇಗೆ?

“ಬರಲಿ, ಬರಲಿ. ಬಂದ ಮ್ಯಾಲೆ ಹೇಳಿ ಕಳಸ್ರಿ. ನಾನ ತರ್ತೀನಿ. ನನ್ನ ತೊಟ್ಲ ನಾ ಇಲ್ಲದ ಯಾವ ಮನಿಗೂ ಹೋಗಿಲ್ಲ.” ಆಮೇಲೆ ಒಳಗೆ ತಿರುಗಿ, “ಈ ಸೊಸಿ ಅಂಗಡಿಗೆ ಹಾಕಿದ್ದೊಂದು ಬಿಟ್ಟು!”

“ನಾ ಹಾಕಿದ್ದಕ್ಕ ಅಲ್ಲೇನ್ರಿ ಇವರೆಲ್ಲ ಪರಿಚಯ ಆಗಿದ್ದು!” ಸೊಸೆ ಅಲ್ಲಿಂದಲೇ.

ಬರುವಾಗ ಅನ್ನದಾನಮ್ಮ ನಿದ್ದೆಹೋದರು. ನನ್ನ ಭುಜದ ಮೇಲೆ.

ಜನವರಿ 5, ಭಾನುವಾರ

ಹೆಣ್ಣು. ಡಿಸೆಂಬರ್ ಮೂವತ್ತಕ್ಕೆ. ತೂಕ ಕಡಿಮೆಯೆಂದು ನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಆ ನಾಲ್ಕು ದಿನದ್ದು ಬರೆಯುವುದಿಲ್ಲ. ನಿನ್ನೆ ಮನೆಗೆ ಬಂದರು. ಇಬ್ಬರೂ.

ಜನವರಿ 12, ಭಾನುವಾರ

ತೊಟ್ಟಿಲಿಗೆ ಹಾಕುವ ಕಾರ್ಯ ಆಯಿತು. ಮಂಜಮ್ಮ ಗೂಡ್ಸ್ ಆಟೋದಲ್ಲಿ, ತೊಟ್ಟಿಲಿನ ಪಕ್ಕ, ಸರಪಳಿ ಹಿಡಿದುಕೊಂಡು ಬಂದರು. ಹಾಲ್‌ನಲ್ಲಿ ಕೊಕ್ಕೆ ಇದೆ. ಈ ಮನೆ ಕಟ್ಟಿಸುವಾಗ ಮೇಸ್ತ್ರಿ ನಮ್ಮನ್ನು ಕೇಳದೇ ಹಾಕಿದ್ದ. ಇಷ್ಟು ವರ್ಷ ಸುಮ್ಮನೆ ಇತ್ತು. ಇವರು ಸ್ಟೂಲು ಹತ್ತಿ ಎಣ್ಣೆ ಬಿಟ್ಟರು. ಇಳಿದವರು ಸ್ವಲ್ಪ ಹೊತ್ತು ಮೇಲೆ ನೋಡುತ್ತಲೇ ನಿಂತಿದ್ದರು.

ಪದ್ಧತಿಯಂತೆ ಮೊದಲು ಗುಂಡುಕಲ್ಲಿಗೆ ಕುಲಾವಿ ಹಾಕಿ ಮಲಗಿಸಿದ್ದು, ಆಮೇಲೆ ಮಗುವನ್ನು. ಸುಕನ್ಯಾ. ಕಿವಿಯಲ್ಲಿ ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಎಲ್ಲರೂ ಗುದ್ದಿದರು. ಮಂಜಮ್ಮನ ಗುದ್ದಿಗೆ ಆಕೆ ನಿಜವಾಗಿಯೂ ಕೂಗಿದಳು.

ಹಾಡು ಮುಗಿಯುತ್ತಿದ್ದಂತೆ ವಾಣಿ ಮಗುವನ್ನು ಎತ್ತಿಕೊಂಡುಬಿಟ್ಟಳು. ಮಂಜಮ್ಮ ನೋಡಿದರು. ಹೋಗುವಾಗ ಕಲ್ಲನ್ನು ಮತ್ತೆ ತೊಟ್ಟಿಲಲ್ಲಿಟ್ಟು ಹೊದಿಕೆ ಹೊದಿಸಿದರು. “ಬರೇದು ಬಿಡಬ್ಯಾಡ್ರಿ.”

ಜನವರಿ 19

ವಾಣಿ ಮಗುವನ್ನು ಕೆಳಗಿಳಿಸುವುದಿಲ್ಲ. ಮಡಿಲಲ್ಲಿ, ಇಲ್ಲವೇ ಎದೆಯ ಮೇಲೆ. ಕೂತಲ್ಲೇ ತೂಕಡಿಸಿ ಬೆಚ್ಚಿ ಏಳುತ್ತಾಳೆ, ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾಳೆ. ಕಣ್ಣ ಕೆಳಗೆ ಕಪ್ಪು. ನನ್ನ ಕೈಗೂ ಕೊಡುವುದಿಲ್ಲ, ಸ್ನಾನದ ಹೊತ್ತು ಬಿಟ್ಟು. ತೊಟ್ಟಿಲಲ್ಲಿ ಕಲ್ಲು ಹಾಯಾಗಿ ಮಲಗಿದೆ.

ಅನ್ನದಾನಮ್ಮನವರಿಗೆ ಫೋನಿನಲ್ಲಿ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ.

“ಒತ್ತಾಯ ಮಾಡಬ್ಯಾಡ. ಅವಳೇ ಹಾಕ್ತಾಳೆ. ನೀನು ತಿಂದಿದ್ಯಾ ಟೀಚರಮ್ಮ?”

ಜನವರಿ 26, ಭಾನುವಾರ. ಮಧ್ಯಾಹ್ನ

ಕಾಲೇಜಿನಲ್ಲಿ ಧ್ವಜಾರೋಹಣ ಮುಗಿಸಿ ಲಾಡು ಹಿಡಿದುಕೊಂಡು ಬಂದೆ. ಮನೆ ನಿಶ್ಶಬ್ದ. ಚಪ್ಪಲಿ ಬಿಡದೇ ಒಳಗೆ ನಡೆದೆ.

ಗುಂಡುಕಲ್ಲು ಕುಲಾವಿ ಸಮೇತ ನೆಲದ ಮೇಲಿತ್ತು. ತೊಟ್ಟಿಲಲ್ಲಿ ಸುಕನ್ಯಾ, ಎರಡೂ ಮುಷ್ಟಿ ಕಿವಿಯ ಪಕ್ಕ. ಮಂಚದ ಮೇಲೆ ವಾಣಿ. ಬಾಯಿ ಸ್ವಲ್ಪ ತೆರೆದು, ಒಂದು ಕಾಲು ಮಂಚದಿಂದ ಇಳಿಬಿದ್ದು, ಗೊರಕೆ. ನನ್ನ ತಂಗಿ ಗೊರಕೆ ಹೊಡೆಯುತ್ತಾಳೆಂಬುದೇ ಮರೆತುಹೋಗಿತ್ತು. ಬೆರಳಿಗೆ ಸುತ್ತಿಕೊಂಡಿದ್ದ ತೊಟ್ಟಿಲ ಹಗ್ಗ ಸಡಿಲಾಗಿ ಜಾರುವುದರಲ್ಲಿತ್ತು. ಮೆಲ್ಲಗೆ ಬಿಡಿಸಿಕೊಂಡೆ. ಅವಳಿಗೆ ಎಚ್ಚರವಾಗಲಿಲ್ಲ.

ಆಗಿನಿಂದ ಇಲ್ಲೇ ನೆಲದ ಮೇಲಿದ್ದೇನೆ. ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಪೆನ್ನು. ತೂಗುವುದು ನಿಂತರೆ ಹುಡುಗಿ ಮುಖ ಸೊಟ್ಟ ಮಾಡುತ್ತಾಳೆ. ಇವರು ಬಂದು ಬಾಗಿಲಲ್ಲಿ ಇಣುಕಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿಂದೆ ಸರಿದರು. ಇವತ್ತೂ ಹಸಿದುಕೊಂಡೇ. ಬರೆಯುವುದು ಇನ್ನೂ ಇದೆ, ಆದರೆ ಪುಟ ಇಲ್ಲಿಗೆ ಮುಗಿಯಿತು, ತಿರುಗಿಸಬೇಕೆಂದರೆ ಹಗ್ಗ ಬಿಡ